ಹೋಗದೆ ಮರಳಿ ಬಂದವಳು

ಜನವರಿಯ ಎರಡನೇ ಭಾನುವಾರ ಊರೆಲ್ಲ ಸೇರಿ ತೀರೆಸಾಳನ್ನು ಬೀಳ್ಕೊಟ್ಟಿತು. ಫೆಬ್ರವರಿ ಮುಗಿಯುತ್ತ ಬಂದರೂ ಅವಳು ಊರಿನಲ್ಲೇ ಇದ್ದಳು.

ತಪ್ಪು ಯಾರದೆಂದು ಮನೆಯಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ. ಅವಳ ಅಪ್ಪ ಎಸೆಕಿಯೆಲು ನಮ್ಮೂರಿಂದ ಆಪಿಯಾ ಪೇಟೆಗೆ ಬಸ್ ಓಡಿಸುವವನು. ಅವನ ಅಕ್ಕ ಮಕೆರೀಟಾ ಮದುವೆಯಾದಾಗಿನಿಂದ ಆಕ್ಲೆಂಡಿನಲ್ಲಿದ್ದಾಳೆ. ಕ್ರಿಸ್‌ಮಸ್ಸಿಗೆ ಊರಿಗೆ ಬಂದವಳು, ಹುಡುಗಿಗೆ ಒಳ್ಳೆಯ ಅಂಕ ಬಂದಿದೆ, ಅಲ್ಲಿಯ ದೊಡ್ಡ ವಿಶ್ವವಿದ್ಯಾಲಯಕ್ಕೆ ಸೇರಿಸೋಣ, ನನ್ನ ಮನೆಯಲ್ಲೇ ಇರಲಿ ಎಂದಳು. ಅಕ್ಕನ ಮಾತಿಗೆ ಎದುರಾಡುವ ತಮ್ಮಂದಿರು ಸಮೋವಾದಲ್ಲಿ ಹುಟ್ಟುವುದಿಲ್ಲ. ವೀಸಾ ಇನ್ನೂ ಬಂದಿರಲಿಲ್ಲ. ಆದರೆ ಅಕ್ಕ ಊರಿನಲ್ಲಿದ್ದಳು, ಪಾದ್ರಿಯವರು ಊರಿನಲ್ಲಿದ್ದರು, ಹಂದಿ ಕೊಬ್ಬಿತ್ತು. ಮೂರೂ ಮತ್ತೆ ಒಟ್ಟಿಗೆ ಯಾವಾಗ ಸಿಗುತ್ತವೋ ಎಂದು ಎಸೆಕಿಯೆಲು ಬೀಳ್ಕೊಡುಗೆಯ ಊಟ ಹಾಕಿಸಿಯೇ ಬಿಟ್ಟ. ಮಹಿಳಾ ಸಮಿತಿಯವರು ನವಿರಾದ ಚಾಪೆಗಳನ್ನು ಕೊಟ್ಟರು. ಸಮಿತಿಯ ಮುಖ್ಯಸ್ಥೆ ಫುವಾತೀನೋ ಒಂದು ಸೂಟ್‌ಕೇಸ್ ಕೊಟ್ಟು ಅತ್ತಳು. ಪಾದ್ರಿಯವರು ದೂರ ಪ್ರಯಾಣದ ಪ್ರಾರ್ಥನೆ ಮಾಡಿದರು.

ಆಮೇಲೆ ವೀಸಾ ಕಚೇರಿಯವರು, ಈ ಸಲ ತಡವಾಯಿತು, ಜುಲೈ ತಂಡಕ್ಕೆ ಹೋಗಲಿ ಎಂದರು.

"ಅಲ್ಲೀವರೆಗೂ ಸುಮ್ನೆ ಕೂರೋದು ಬೇಡ. ಇಲ್ಲೇ ನಮ್ಮ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹೋಗ್ತಿರು," ಎಂದಳು ತಾಯಿ ಫೋಲೋಲೆ. ಅವಳು ಪೇಟೆಯ ಹೋಟೆಲೊಂದರಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಕೈ ಖಾಲಿ ಕೂತವರನ್ನು ಕಂಡರೆ ಅವಳಿಗಾಗುತ್ತಿರಲಿಲ್ಲ.

"ಆ ಬಸ್ ಕಿಟಕೀಲಿ ಕಾಣೋ ಶಾಲೆಗಾ?" ಎಂದ ಎಸೆಕಿಯೆಲು.

"ಕಿಟಕೀಲಿ ಕಂಡ್ರೆ ಪಾಠ ಕೆಡುತ್ತಾ?"

ಹೀಗೆ ತೀರೆಸಾ ಬೆಳಗಿನ ಬಸ್ಸಿಗೆ ಹತ್ತತೊಡಗಿದಳು. ಅಪ್ಪನದೇ ಬಸ್ಸು. ತುಂಬಿದ ಬಸ್ಸಿನಲ್ಲಿ ಯಾರೂ ನಿಂತಿರುವುದಿಲ್ಲ, ಕುಳಿತವರ ತೊಡೆಯ ಮೇಲೆ ಕೂರುತ್ತಾರೆ. ಮೊದಲ ವಾರವೇ ಅವಳಿಗೆ ಸಿಕ್ಕಿದ್ದು ಫುವಾತೀನೋಳ ತೊಡೆ.

"ಏನಮ್ಮಾ, ವಿಮಾನ ನಿಮ್ಮ ಸ್ಟಾಪಲ್ಲಿ ನಿಲ್ಲಿಸ್ದೇ ಹೋಯ್ತಾ?" ಎಂದು ಮುದುಕಿ ಅವಳ ಕಿವಿಯಲ್ಲೇ ಕೇಳಿದಳು.

"ಜುಲೈಯಲ್ಲಿ ನಿಲ್ಲಿಸುತ್ತಂತೆ, ಅಜ್ಜಿ."

"ನಾನು ಕೊಟ್ಟ ಸೂಟ್‌ಕೇಸು?"

"ಮಂಚದ ಕೆಳಗಿದೆ."

"ಅದಿರ್ಲಿ ಬಿಡು. ನಾನು ಅವತ್ತು ಅತ್ತೆನಲ್ಲ, ಆ ಕಣ್ಣೀರಾದ್ರೂ ವಾಪಸ್ ಕೊಡು."

ಬಸ್ಸಿಡೀ ನಕ್ಕಿತು. ಎಸೆಕಿಯೆಲು ಹಾಡಿನ ಸದ್ದು ಜೋರು ಮಾಡಿದ.

ಸಂಜೆ ಪ್ರಾರ್ಥನೆ ಮುಗಿದು ಊಟಕ್ಕೆ ಕೂತಾಗ ವಿಚಾರಣೆ ನಡೆಯುತ್ತಿತ್ತು. ಹಿರಿಯರು ಉಣ್ಣುತ್ತಿದ್ದರು, ತೀರೆಸಾ ಬಡಿಸಿ, ಬೀಸಣಿಗೆಯಿಂದ ನೊಣ ಓಡಿಸುತ್ತ ಉತ್ತರ ಕೊಡುತ್ತಿದ್ದಳು. ಅವಳ ಸರದಿ ಆಮೇಲೆ.

"ತರಗತೀಲಿ ಎಷ್ಟು ಜನ?" ಎಂದು ಅಜ್ಜಿ ಸಲಫಾಯಿ ಬೇಯಿಸಿದ ಕೆಸುವಿನ ಗೆಡ್ಡೆ ಮುರಿಯುತ್ತ ಕೇಳಿದಳು.

"ಹತ್ತೊಂಬತ್ತು."

"ಅದೇನು ತರಗತೀನಾ, ನೆಂಟರ ಮನೇನಾ?" ಎಂದ ಎಸೆಕಿಯೆಲು.

"ಮೇಡಮ್ಮಿಗೆ ಎಲ್ಲರ ಹೆಸರೂ ಗೊತ್ತು ಅಪ್ಪಾ. ನಾನು ಹಿಂದೆ ಕೂತ್ರೆ ಮುಂದೆ ಕರೀತಾರೆ."

"ಹತ್ತೊಂಬತ್ತು ಹೆಸರು ನೆನಪಿಡೋಕೆ ಡಾಕ್ಟರ್ ಪದವಿ ಬೇಕಾ? ನನ್ನ ಬಸ್ಸಲ್ಲಿ ಹತ್ತೋರ ಹೆಸರೆಲ್ಲ ನನಗೆ ಗೊತ್ತು."

"ಅದಕ್ಕೇ ಜನ ನಿನ್ನ ಬಸ್ಸಿಗೇ ಕಾಯ್ತಾರೆ," ಎಂದಳು ಫೋಲೋಲೆ.

ಎಸೆಕಿಯೆಲು ಡಬ್ಬಿ ಮೀನನ್ನು ತನ್ನ ಕಡೆ ಎಳೆದುಕೊಂಡ. ಇದು ತನಗೆ ಅನುಕೂಲದ ಮಾತೋ ಅಲ್ಲವೋ ಎಂದು ತಿಳಿಯದಾಗ ಅವನು ಹಾಗೇ ಮಾಡುತ್ತಿದ್ದುದು.

ಭಾನುವಾರ ಚರ್ಚು ಮುಗಿದು, ಉಮು ಒಲೆಯ ಬಿಸಿ ಕಲ್ಲಿನಲ್ಲಿ ಬೆಂದ ಊಟವೂ ಆದ ಮೇಲೆ ಆಕ್ಲೆಂಡಿನಿಂದ ವಿಡಿಯೋ ಕರೆ ಬರುತ್ತಿತ್ತು. ಮಕೆರೀಟಾ ಪರದೆಯ ತುಂಬ ಕಾಣಿಸಿಕೊಳ್ಳುತ್ತಿದ್ದಳು. ಅವಳ ಮಗ ರೋಪಾತಿ ಅದೇ ದೊಡ್ಡ ವಿಶ್ವವಿದ್ಯಾಲಯದಲ್ಲಿ ಎರಡನೇ ವರ್ಷದಲ್ಲಿದ್ದ.

"ನಮ್ಮಲ್ಲಿ ಒಂದು ತರಗತಿಗೆ ಐನೂರು ಜನ ಕೂರ್ತಾರೆ. ಸಿನಿಮಾ ಮಂದಿರದ ಹಾಗೆ. ಹಿಂದಿನೋರಿಗೆ ಮೇಷ್ಟ್ರು ಕಾಣಲ್ಲ ಅಂತ ದೊಡ್ಡ ಪರದೇಲಿ ತೋರಿಸ್ತಾರೆ," ಎಂದಳು ಮಕೆರೀಟಾ.

"ಪರದೇಲೇ ನೋಡೋದಾದ್ರೆ ಅಲ್ಲೀವರೆಗೆ ಯಾಕೆ ಹೋಗ್ಬೇಕೇ?" ಎಂದು ಸಲಫಾಯಿ ಕೇಳಿದಳು. ಅವಳು ಛೇಡಿಸಲು ಕೇಳಿದ್ದಲ್ಲ.

"ಅಮ್ಮಾ, ನಿನಗೆ ಗೊತ್ತಾಗಲ್ಲ ಸುಮ್ನಿರು. ಬಾರೋ ರೋಪಾತಿ, ತಂಗಿಗೆ ಹೇಳು."

ರೋಪಾತಿ ಬಂದು ಪರದೆಯ ಮೂಲೆಯಲ್ಲಿ ನಿಂತ.

"ಅಣ್ಣಾ, ನಿಮ್ಮಲ್ಲಿ ಸೂಕ್ಷ್ಮದರ್ಶಕ ಎಷ್ಟು ಜನಕ್ಕೆ ಒಂದು?" ಎಂದಳು ತೀರೆಸಾ.

"ನಾಲ್ಕು ಜನಕ್ಕೆ. ಒಬ್ಬ ನೋಡ್ತಾನೆ, ಉಳಿದೋರು ಬರ್ಕೋತೀವಿ."

"ನಮ್ಮಲ್ಲಿ ಒಬ್ಬೊಬ್ರಿಗೆ ಒಂದು. ಹಳೇದು. ಒಂದರ ಕಾಲು ಮುರಿದಿದೆ, ಅದಕ್ಕೆ ಮರದ ತುಂಡು ಕೊಟ್ಟಿದ್ದಾರೆ."

ಎಸೆಕಿಯೆಲುಗೆ ಆ ಮರದ ತುಂಡಿನ ಮಾತು ಅಕ್ಕನ ಮುಂದೆ ಬೇಕಿರಲಿಲ್ಲ. ಅವನು ಕೆಮ್ಮಿ ಹವಾಮಾನ ವಿಚಾರಿಸಿದ.

ಮಾರ್ಚ್ ಏಪ್ರಿಲ್‌ನಲ್ಲಿ ಜಗಳ ಬೇರೆ ಕಡೆಯಿಂದ ಬಂತು. ಪ್ರಯೋಗಾಲಯದ ಕೆಲಸ ಸಂಜೆಗೂ ಎಳೆಯತೊಡಗಿತು. ತೀರೆಸಾ ಬರುವ ಹೊತ್ತಿಗೆ ಅಜ್ಜಿ ಬೆಂಕಿ ಹಚ್ಚಿ ಜೀಗುಜ್ಜೆ ಸುಟ್ಟಿರುತ್ತಿದ್ದಳು. ಫೋಲೋಲೆ ದಿನವಿಡೀ ಹೋಟೆಲಿನ ಹಾಸು ಹೊದಿಕೆ ಒಗೆದು ಬಂದು ಮನೆಯ ಬಟ್ಟೆಗೆ ಕೈ ಹಾಕಿರುತ್ತಿದ್ದಳು.

"ನೀನೇ ಸೇರು ಅಂದೆ, ನೀನೇ ಒಗಿ," ಎಂದ ಎಸೆಕಿಯೆಲು.

"ಒಗೀತಿದೀನಲ್ಲ. ನಿನ್ನ ಅಂಗೀನೂ ಸೇರ್ಸಿ."

"ಪಾಠ ಹೇಳಿ ಮನೆಗೆ ಕಳಿಸೋದು ಬಿಟ್ಟು ಹುಡುಗೀರ್ನ ಕತ್ತಲಾಗೋವರೆಗೆ ಇಟ್ಕೊಂಡು ಮಾಡೋದೇನು?"

"ನೀರು ಪರೀಕ್ಷೆ ಅಪ್ಪಾ," ಎಂದಳು ತೀರೆಸಾ, ಬಕೆಟ್ಟಿಗೆ ಕೈ ಕೊಡುತ್ತ. "ದೊಡ್ಡ ಕಡೆ ಇದನ್ನೆಲ್ಲ ಮೇಲಿನ ಪದವಿ ಓದೋರು ಮಾಡ್ತಾರಂತೆ. ನಮ್ಮಲ್ಲಿ ಆ ವಿಷಯಕ್ಕೆ ಮೇಲಿನೋರೇ ಇಲ್ಲ. ಅದಕ್ಕೆ ನಮ್ಮ ಕೈಗೇ ಕೊಡ್ತಾರೆ."

"ದೊಡ್ಡೋರಿಲ್ಲ ಅಂತ ಸಣ್ಣ ಮಕ್ಕಳ ಕೈಗೆ! ಚೆನ್ನಾಗಿದೆ."

ಮೇ ತಿಂಗಳಲ್ಲಿ ಅಜ್ಜಿಯ ತವರಿನಲ್ಲಿ ಒಂದು ಸಾವಾಯಿತು. ಸಾವೆಂದರೆ ಮನೆಮಂದಿಯೆಲ್ಲ ಹೋಗಲೇಬೇಕು. ಬೀಳ್ಕೊಡುಗೆಗೆ ಬಂದಿದ್ದ ಚಾಪೆಗಳಲ್ಲಿ ಚೆನ್ನಾದದ್ದನ್ನು ಮಕೆರೀಟಾ ಆಗಲೇ ಆಕ್ಲೆಂಡಿಗೆ ಒಯ್ದಿದ್ದಳು, ಉಳಿದವು ಈ ಸಾವಿಗೆ ಹೋದವು. ಚಾಪೆಗಳು ಇರುವುದೇ ಹಾಗೆ ಮನೆಯಿಂದ ಮನೆಗೆ ಹೋಗುವುದಕ್ಕೆ. ತೀರೆಸಾ ಅಲ್ಲಿ ಅಡಿಗೆಮನೆ ಸೇರಿ, ತರಗತಿಯ ಕಡೆ ಒಂದು ವಾರ ತಲೆ ಹಾಕಲಿಲ್ಲ.

ಊರಿಗೆ ಮರಳಿದ ಶನಿವಾರ ಮನೆಯ ಮುಂದೆ ಒಂದು ಪಿಕಪ್ ಗಾಡಿ ನಿಂತಿತು. ದಪ್ಪನೆಯ, ಬೆಳ್ಳಿ ಕೂದಲಿನ ಹೆಂಗಸೊಬ್ಬಳು ಇಳಿದಳು.

"ನಮ್ಮ ಮೇಡಂ, ಡಾಕ್ಟರ್ ಪುಲೋತು," ಎಂದಳು ತೀರೆಸಾ. ಅವಳ ಕೈಯಲ್ಲಿ ಹಂದಿಗಳಿಗೆ ಹಾಕುವ ತೆಂಗಿನಕಾಯಿ ಇತ್ತು.

"ಏನು ಮಾಡ್ಕೊಂಡೆ?" ಎಂದ ಎಸೆಕಿಯೆಲು, ಒಳ್ಳೆಯ ಅಂಗಿ ಹುಡುಕಲು ಓಡುತ್ತ.

ಚಾಪೆ ಹಾಸಿದ್ದಾಯಿತು, ಕೋಕೋ ಕಾಸಿದ್ದಾಯಿತು, ಬಂದವರನ್ನು ಸ್ವಾಗತಿಸುವ ಮಾತುಗಳನ್ನು ಎಸೆಕಿಯೆಲು ಅರ್ಧ ಹಾಕಿದ ಅಂಗಿಯಲ್ಲೇ ಆಡಿದ್ದಾಯಿತು. ಡಾಕ್ಟರ್ ಪುಲೋತು ಪದ್ಧತಿಯಂತೆ ಉತ್ತರ ಹೇಳಿ ಕಾಲು ಮಡಚಿ ಕೂತಳು. ಸಲಫಾಯಿ ಅವಳ ಊರು, ತಂದೆ, ತಂದೆಯ ತಾಯಿ ಎಲ್ಲ ವಿಚಾರಿಸಿ, ಕೋಕೋ ಆರುವುದರೊಳಗೆ ಅವಳನ್ನು ತನ್ನ ಸೋದರತ್ತೆಯ ಮೊಮ್ಮಗಳೆಂದು ಪತ್ತೆ ಮಾಡಿದಳು.

"ಹಾಗಾದ್ರೆ ನೀನು ಮನೆಯವಳೇ. ತಿನ್ನು," ಎಂದು ಇನ್ನೊಂದು ತುಂಡು ಜೀಗುಜ್ಜೆ ಮುಂದಿಟ್ಟಳು.

ಎಸೆಕಿಯೆಲುಗೆ ತಡೆಯಲಾಗಲಿಲ್ಲ. "ಮೇಡಂ, ಹುಡುಗಿ ಏನು ತಪ್ಪು ಮಾಡಿದ್ಲು?"

"ತಪ್ಪೇನಿಲ್ಲ. ಒಂದು ವಾರ ಕಾಣ್ಲಿಲ್ಲ. ಕಾಯಿಲೆಯೋ ಏನೋ ಅಂತ ನೋಡೋಕೆ ಬಂದೆ. ಈ ದಾರೀಲೇ ಹೋಗ್ತಿದ್ದೆ."

"ಬರ್ಲಿಲ್ಲ ಅಂತ ಮನೆಗೇ ಬರ್ತೀರಾ?"

"ನಮ್ಮಲ್ಲಿ ಒಬ್ರು ಬರದಿದ್ರೆ ಬೆಂಚು ಖಾಲಿ ಕಾಣುತ್ತೆ," ಎಂದಳು ಪುಲೋತು. "ತೀರೆಸಾ, ಎರಡು ಪ್ರಯೋಗ ತಪ್ಪಿದೆ. ಸೋಮವಾರ ಮಧ್ಯಾಹ್ನ ಬಾ, ನಿನಗೆ ಅಂತ ತೆಗೆದಿಟ್ಟಿರ್ತೀನಿ. ಇನ್ನೊಂದು ವಿಷಯ. ಜುಲೈಯಿಂದ ಕರಾವಳಿಯ ಊರುಗಳ ಊಟೆಕೊಳಗಳ ನೀರು ನೋಡ್ಬೇಕು. ನಿಮ್ಮೂರಿನ ಕೊಳ ಇವಳಿಗೆ ಅಂತ ಅಂದ್ಕೊಂಡಿದೀನಿ. ಇವಳಿರ್ತಾಳಾ?"

ಎಸೆಕಿಯೆಲು, "ಜುಲೈಯಲ್ಲಿ ಆಕ್ಲೆಂಡಿಗೆ ಹೋಗ್ತಾಳೆ," ಎಂದ.

"ಸರಿ. ಹೇಳಿದ್ದು ಒಳ್ಳೇದಾಯ್ತು. ಬೇರೆಯೋರಿಗೆ ಕೊಡ್ತೀನಿ."

ಅವಳು ಒತ್ತಾಯ ಮಾಡುತ್ತಾಳೆಂದು ಎಸೆಕಿಯೆಲು ಉತ್ತರಗಳನ್ನೆಲ್ಲ ಸಿದ್ಧ ಮಾಡಿಕೊಂಡಿದ್ದ. ಅವಳು ಕೋಕೋ ಕುಡಿದಳು. ಕೊನೆಗೆ ಅವನೇ, "ದೊಡ್ಡ ಕಡೆ ಹೋಗೋದು ಒಳ್ಳೇದೇ ಅಲ್ವಾ ಮೇಡಂ?" ಎಂದ.

"ಒಳ್ಳೇದೇ. ನಾನೂ ದೊಡ್ಡ ಕಡೇನೇ ಓದಿದ್ದು. ಮೊದಲಿನ ಎರಡು ವರ್ಷ ಒಬ್ಬ ಮೇಷ್ಟ್ರೂ ನನ್ನ ಮುಖ ನೋಡಿರ್ಲಿಲ್ಲ. ಪ್ರಶ್ನೆ ಕೇಳೋಕೆ ಕೈ ಎತ್ತಿದ್ದು ಮೂರನೇ ವರ್ಷದಲ್ಲಿ. ನನ್ನ ಜೊತೆ ಹೋದೋರಲ್ಲಿ ಎಷ್ಟೋ ಜನ ಅಷ್ಟರೊಳಗೆ ಬಿಟ್ಟಿದ್ರು. ಇಲ್ಲಿ ಮೊದಲ ಪದವಿ ಮುಗಿಸಿ ಹೋದ್ರೆ ಕೈಗೆ ಕೆಲಸ ಬಂದಿರುತ್ತೆ. ಈ ಹುಡುಗಿ ಯಾರು ಅಂತ ಹೇಳೋಕೆ ನಾವೂ ಇರ್ತೀವಿ." ಅವಳು ಎದ್ದಳು. "ನಿಮ್ಮ ಮನೆ ವಿಷಯ. ನಾನು ಹೇಳೋದು ಸರಿಯಲ್ಲ."

ಗಾಡಿ ಹೋದ ಮೇಲೆ ತೀರೆಸಾ ತೆಂಗಿನಕಾಯಿ ಸುಲಿಯಲು ಹಿತ್ತಲಿಗೆ ಹೋದವಳು ಬಹಳ ಹೊತ್ತು ಬರಲಿಲ್ಲ.

ಜೂನ್ ನಡುವಿನಲ್ಲಿ ವೀಸಾ ಬಂತು. ಅದೇ ವಾರ ಮಕೆರೀಟಾಳ ಕರೆಯೂ ಬಂತು, ಭಾನುವಾರವಲ್ಲದ ದಿನ. ಎಸೆಕಿಯೆಲು ಬಸ್ಸಿನಲ್ಲಿದ್ದ. ಫೋಲೋಲೆ ಮಾತಾಡಿದಳು. ಅವನು ಮನೆಗೆ ಬಂದು ಕೈ ತೊಳೆಯುವ ಮೊದಲೇ ಹೇಳಿದಳು.

"ರೋಪಾತಿ ಮಾರ್ಚಿಂದ ತರಗತಿಗೇ ಹೋಗಿಲ್ವಂತೆ."

"ಮಾರ್ಚಿಂದ? ಮತ್ತೆ ದಿನಾ ಎಲ್ಲಿಗೆ ಹೋಗ್ತಿದ್ನಂತೆ?"

"ಯಾವುದೋ ಗೋದಾಮಲ್ಲಿ ಪೆಟ್ಟಿಗೆ ಹೊರೋಕೆ. ಪಾಠ ಅರ್ಥ ಆಗ್ತಿರ್ಲಿಲ್ಲ, ಕೇಳೋಕೆ ನಾಚಿಕೆ ಅಂತ ಬಿಟ್ನಂತೆ."

"ಅಲ್ಲಿಯೋರು ಹೇಳ್ಲಿಲ್ವಾ?"

"ಐನೂರರಲ್ಲಿ ಒಬ್ಬ ಕಮ್ಮಿ ಆದ್ರೆ ಯಾರಿಗೆ ಕಾಣುತ್ತೆ? ಪರೀಕ್ಷೇಲೂ ಹೆಸರಿಲ್ಲ ಅಂದಾಗ ನಿನ್ನಕ್ಕನಿಗೆ ಗೊತ್ತಾಗಿದ್ದು." ಫೋಲೋಲೆ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟಳು. "ಈಗ ಏನಂತಾಳೆ ಗೊತ್ತಾ? ತೀರೆಸಾನ್ನ ಬೇಗ ಕಳಿಸು, ಇಬ್ಬರೂ ಜೊತೇಲಿ ಹೋದ್ರೆ ಅವನು ದಾರಿಗೆ ಬರ್ತಾನೆ ಅಂತ. ನನ್ನ ಮಗಳು ಅಲ್ಲಿಗೆ ಹೋಗೋದು ಓದೋಕಾ, ಅವಳ ಮಗನ್ನ ಕಾಯೋಕಾ?"

"ಅಕ್ಕ ಹೇಳಿದ್ಮೇಲೆ..."

"ಅಕ್ಕ ಹೇಳಿದ್ಲು, ಚಾಪೆ ಕೊಟ್ರು, ಹಂದಿ ಕೊಯ್ದ್ರು. ಹುಡುಗೀನ ಯಾರಾದ್ರೂ ಕೇಳಿದ್ರಾ?"

ಎಸೆಕಿಯೆಲು ಮಗಳ ಕಡೆ ತಿರುಗಿದ. ತೀರೆಸಾ ಬೀಸಣಿಗೆ ಆಡಿಸುವುದನ್ನು ನಿಲ್ಲಿಸಲಿಲ್ಲ.

"ನಾನು ಇಲ್ಲೇ ಓದ್ತೀನಿ ಅಪ್ಪಾ."

"ಊರೆಲ್ಲ ಬೀಳ್ಕೊಟ್ಟಾಗಿದೆ!"

"ಗೊತ್ತು. ನಾಲ್ಕು ತಿಂಗಳಿಂದ ಅದೇ ಬಸ್ಸಲ್ಲಿ ಅವರ ತೊಡೆ ಮೇಲೇ ಕೂತು ಹೋಗ್ತಿದೀನಿ. ನನಗೆ ಗೊತ್ತಿಲ್ವಾ?"

"ಪಾದ್ರಿಗಳ ಪ್ರಾರ್ಥನೆ?"

"ದೇವರು ಅದನ್ನ ಬೇರೆ ಯಾರಿಗಾದ್ರೂ ಹಾಕ್ತಾನೆ ಬಿಡು," ಎಂದಳು ಫೋಲೋಲೆ.

ಆ ರಾತ್ರಿ ಊಟ ಬೇಗ ಮುಗಿಯಿತು. ಯಾರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ಮರುದಿನ ಬೆಳಗ್ಗೆ ಎಸೆಕಿಯೆಲು ತುಂಬಿದ ಬಸ್ಸನ್ನು ವಿಶ್ವವಿದ್ಯಾಲಯದ ಗೇಟಿನ ಹತ್ತಿರ ನಿಲ್ಲಿಸಿದ. ತೀರೆಸಾ ಇಳಿದಳು. ಅವನೂ ಇಳಿದ. ಎಂಜಿನ್ ಓಡುತ್ತಿತ್ತು, ಹಾಡೂ ಓಡುತ್ತಿತ್ತು. ಚಾಲಕ ಮಾತ್ರ ಸೊಂಟಕ್ಕೆ ಸುತ್ತಿದ ಲಾವಲಾವ ಪಂಚೆ ಬಿಗಿಮಾಡಿಕೊಳ್ಳುತ್ತ ಮಗಳ ಹಿಂದೆ ಒಳಗೆ ನಡೆದ.

"ಇವನೂ ಸೇರ್ಕೊಳ್ತಾನಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಸೇರಲಿ. ಆಮೇಲೆ ನಮ್ಮನ್ನ ಪೇಟೆಗೆ ಬಿಡೋರ್ಯಾರು?" ಎಂದಳು ಫುವಾತೀನೋ.

ಡಾಕ್ಟರ್ ಪುಲೋತು ಪ್ರಯೋಗಾಲಯದ ಬಾಗಿಲು ತೆಗೆಯುತ್ತಿದ್ದಳು.

"ಮೇಡಂ, ನಮ್ಮೂರ ಕೊಳ," ಎಂದ ಎಸೆಕಿಯೆಲು. "ಅದನ್ನ ಬೇರೆಯೋರಿಗೆ ಕೊಟ್ಬಿಟ್ರಾ?"

"ಇನ್ನೂ ಇಲ್ಲ."

"ಹಾಗಾದ್ರೆ ಕೊಡ್ಬೇಡಿ."

ಅಷ್ಟು ಹೇಳಿ ಬಸ್ಸಿಗೆ ಬಂದು ಕೂತ. ಪೇಟೆ ಮುಟ್ಟುವವರೆಗೂ ಅವನನ್ನು ಕೇಳದವರಿಲ್ಲ. ಅವನು ಹಾಡಿನ ಸದ್ದು ಇನ್ನಷ್ಟು ಜೋರು ಮಾಡಿದ. ಮನಸ್ಸು ಮಾಡುವುದು ಸುಲಭ, ಊರಿಗೆ ಹೇಳುವುದು ಕಷ್ಟ.

"ಬೀಳ್ಕೊಡುಗೆ ರದ್ದು ಮಾಡೋಕೆ ಪದ್ಧತೀನೇ ಇಲ್ಲ ಅಮ್ಮಾ," ಎಂದು ಸಂಜೆ ತಾಯಿಯ ಮುಂದೆ ಕೂತ. "ಚಾಪೆಗಳನ್ನ ತಿರುಗಿಸಿ ಕೊಡೋಣ ಅಂದ್ರೆ ಅವು ಯಾವ ಯಾವ ಊರಲ್ಲಿವೆಯೋ."

ಸಲಫಾಯಿ ಹೆಣೆಯುತ್ತಿದ್ದ ಚಾಪೆಯಿಂದ ತಲೆ ಎತ್ತಲಿಲ್ಲ. "ಹೋದೋರು ತಿರುಗಿ ಬಂದ್ರೆ ಏನು ಮಾಡ್ತೀವೋ?"

"ಊಟ ಹಾಕ್ತೀವಿ. ಪ್ರಾರ್ಥನೆ ಮಾಡಿಸ್ತೀವಿ."

"ಅಷ್ಟು ಮಾಡು. ಬೀಳ್ಕೊಡಿಸ್ಕೊಂಡವಳು ಊರಲ್ಲಿರ್ಬೇಕು ಅಂದ್ರೆ ತಿರುಗಿ ಬಂದವಳಾಗಿರ್ಬೇಕು."

"ಅವಳು ಹೋಗಿದ್ದೆಲ್ಲಿಗೆ?"

"ಕೇಳೋರ್ಯಾರು? ಕಳಿಸುವಾಗ ಯಾರಾದ್ರೂ ಟಿಕೆಟ್ ತೋರ್ಸು ಅಂದ್ರಾ?"

ಫೋಲೋಲೆ ನಗು ತಡೆಯಲು ಹಿತ್ತಲಿಗೆ ಹೋದಳು. ಎಸೆಕಿಯೆಲು ತಾಯಿಯನ್ನೇ ನೋಡುತ್ತಿದ್ದ.

"ಅಕ್ಕನಿಗೆ?"

"ಫೋನು ಕೊಡು."

ಮಕೆರೀಟಾ ಪರದೆಗೆ ಬಂದಳು. ಅತ್ತು ಕಣ್ಣು ಊದಿಕೊಂಡಿದ್ದವು.

"ಮಕೆರೀಟಾ, ಮಾತಾಡ್ತಿರೋದು ನಾನು, ನಿನ್ನ ತಮ್ಮ ಅಲ್ಲ. ಹುಡುಗಿ ಬರೋದಿಲ್ಲ. ಇಲ್ಲಿ ಓದು ಮುಗಿಸ್ತಾಳೆ."

"ಅಮ್ಮಾ, ನಾನು ಎಲ್ಲರಿಗೂ ಹೇಳ್ಕೊಂಡಿದೀನಿ!"

"ಇಲ್ಲಿ ನಾವೂ ಹೇಳ್ಕೊಂಡಿದ್ವಿ. ಎಲ್ಲಾ ಸೇರಿ ನಾಚ್ಕೊಳ್ಳೋಣ, ಹಂಚ್ಕೊಂಡ್ರೆ ಕಮ್ಮಿಯಾಗುತ್ತೆ. ರೋಪಾತಿ ಊಟ ಮಾಡ್ತಿದಾನಾ?"

ಪರದೆಯಲ್ಲಿ ಸ್ವಲ್ಪ ಹೊತ್ತು ಮಕೆರೀಟಾಳ ಹಣೆ ಮಾತ್ರ ಕಂಡಿತು. "ಕೋಣೆ ಬಿಟ್ಟು ಬರ್ತಿಲ್ಲಮ್ಮಾ."

"ಬೈಬೇಡ. ಮೊದಲು ಊಟ ಹಾಕು. ಆಮೇಲೆ ಏನು ಮಾಡ್ಬೇಕು ಅಂತ ಅವನನ್ನೇ ಕೇಳು. ನಾವು ಕೇಳೋದು ಮರೆತಿದ್ವಿ."

ಜುಲೈ ಮೊದಲ ಶನಿವಾರ ಸ್ವಾಗತದ ಊಟವಾಯಿತು. ಕೋಳಿ, ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನ ಎಲೆ, ಶಾವಿಗೆ. ಜನವರಿಯಷ್ಟು ದೊಡ್ಡದಲ್ಲ, ಆದರೂ ಸಮಿತಿಯ ಹೆಂಗಸರೆಲ್ಲ ಬಂದರು. ತೀರೆಸಾ ಹೊಸ ಉಡುಪಿನಲ್ಲಿ ಎಲ್ಲರ ನಡುವೆ ತಲೆ ತಗ್ಗಿಸಿ ಕೂತಿದ್ದಳು. ಪಾದ್ರಿಯವರು ಎದ್ದು ನಿಂತು, ಒಂದು ಕ್ಷಣ ಎಸೆಕಿಯೆಲುವನ್ನು ನೋಡಿ, ಕಣ್ಣು ಮುಚ್ಚಿದರು.

"ಕರ್ತನೇ, ನಿನಗೆ ಎಲ್ಲವೂ ತಿಳಿದಿದೆ. ಈ ಮಗಳು ಹೋದ ದೂರ ಎಷ್ಟೆಂಬುದೂ ತಿಳಿದಿದೆ. ಕ್ಷೇಮವಾಗಿ ಇಟ್ಟದ್ದಕ್ಕೆ ವಂದನೆ."

ಹೆಂಗಸರ ಭುಜಗಳು ಅಲುಗುತ್ತಿದ್ದವು. ಆಮೆನ್ ಎಂಬುದು ನಗುವಿನ ಜೊತೆಗೇ ಬಂತು.

"ಆಕ್ಲೆಂಡಲ್ಲಿ ಚಳಿ ಹೇಗಿತ್ತಮ್ಮಾ?" ಎಂದು ಫುವಾತೀನೋ ಕೇಳಿದಳು.

"ನೀವು ತೊಡೆ ಮೇಲೆ ಕೂರಿಸ್ಕೊಂಡು ಹೋದ್ರಲ್ಲ ಅಜ್ಜಿ, ಬೆಚ್ಚಗಿತ್ತು."

ಎಸೆಕಿಯೆಲು ಎದ್ದ. ಭಾಷಣಕ್ಕೆ ಬೇಕಾದ ಹಳೆಯ ಗಂಭೀರ ಮಾತುಗಳನ್ನು ಹುಡುಕಿದ. ಒಂದೂ ಈ ಸಂದರ್ಭಕ್ಕೆ ಹೊಂದಲಿಲ್ಲ. "ಅವಸರ ಮಾಡಿದ್ದು ನಾನು. ಮಗಳು ಇಲ್ಲೇ ಓದ್ತಾಳೆ. ತಿನ್ನಿ," ಎಂದು ಕೂತುಬಿಟ್ಟ. ಅವನು ಆಡಿದ ಅತಿ ಚಿಕ್ಕ ಭಾಷಣ ಅದು. ಜನ ಅದನ್ನು ಒಪ್ಪಿದರು.

ಊಟ ಇಳಿಯುವ ಹೊತ್ತಿಗೆ ಪುಲೋತುಳ ಪಿಕಪ್ ಬಂತು. ನೀರು ಇಳಿತದಲ್ಲಿದ್ದಾಗಲೇ ಮಾದರಿ ತೆಗೆಯಬೇಕಿತ್ತು. ತೀರೆಸಾ ಉಡುಪು ಬದಲಿಸಿ ಬಾಟಲಿಗಳ ಪೆಟ್ಟಿಗೆ ಹಿಡಿದು ಸಮುದ್ರದಂಚಿನ ಕೊಳಕ್ಕೆ ಹೊರಟಳು. ಸಮಿತಿಯ ಹೆಂಗಸರು ನೋಡೋಣವೆಂದು ಹಿಂದೆಯೇ ಬಂದರು. ಅವಳು ಸೊಂಟದವರೆಗೆ ನೀರಿಗಿಳಿದು ಬಾಟಲಿಯನ್ನು ಮುಳುಗಿಸಿ, ನೀರೊಳಗೇ ಮುಚ್ಚಳ ಬಿಗಿದು, ಮೇಲಿದ್ದ ಪುಲೋತುಗೆ ಕೊಡುತ್ತಿದ್ದಳು. ಪುಲೋತು ಒಂದನ್ನು ಬೆಳಕಿಗೆ ಹಿಡಿದು, ಗಾಳಿ ಸೇರಿದೆ, ಇನ್ನೊಮ್ಮೆ ತೆಗಿ ಎಂದಳು. ತೀರೆಸಾ ಇನ್ನೊಮ್ಮೆ ತೆಗೆದಳು.

"ಏನು ಮಾಡ್ತಿದಾಳೋ ಅವಳು?" ಎಂದು ಫುವಾತೀನೋ ಎಸೆಕಿಯೆಲುವನ್ನು ಕೇಳಿದಳು.

"ವಿಶ್ವವಿದ್ಯಾಲಯದ ಕೆಲಸ," ಎಂದ ಎಸೆಕಿಯೆಲು. ಅಂಗಿಯ ತೋಳು ಮಡಚಿಕೊಂಡ. "ನಮ್ಮಲ್ಲಿ ಮೊದಲನೇ ವರ್ಷಕ್ಕೇ ಕೈಗೆ ಕೊಡ್ತಾರೆ. ದೊಡ್ಡ ಕಡೆ ಆದ್ರೆ ಈ ಬಾಟಲಿ ಮುಟ್ಟೋಕೂ ಆರು ವರ್ಷ ಕಾಯ್ಬೇಕು."

ಆ ಆರು ವರ್ಷವನ್ನೂ ತಾನೇ ಅಲ್ಲಿ ಕಾದು ಬಂದವನ ಹಾಗೆ ಹೇಳಿದ. ಆಮೇಲೆ ಪಕ್ಕದಲ್ಲಿದ್ದ ಇನ್ನೊಬ್ಬಳಿಗೂ, ಅವಳು ಕೇಳದಿದ್ದರೂ, ಹೇಳಲು ಹೋದ.